ಕೆಡದ ಎಣ್ಣೆ

ವನಸ್ಪತಿ ಕಾರ್ಖಾನೆಯಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರೂ ಅವರನ್ನು ಮೂಸುಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಯಾವ ಶಾಲೆಯ ಮೇಷ್ಟ್ರೂ ಆಗಿರಲಿಲ್ಲ. ಎಣ್ಣೆಯನ್ನು ಮೂಸಿ, ನಾಲಿಗೆಯ ಮೇಲೆ ಇಟ್ಟುಕೊಂಡು, ಉಗಿದು, ‘ಪಾಸು’ ಇಲ್ಲವೇ ‘ಫೇಲು’ ಎನ್ನುವುದು ಅವರ ಕೆಲಸ. ಅವರು ಫೇಲು ಎಂದರೆ ಇಡೀ ಟ್ಯಾಂಕರ್ ಎಣ್ಣೆ ಬಂದ ದಾರಿ ಹಿಡಿದು ವಾಪಸು ಹೋಗಬೇಕಿತ್ತು. ಟ್ಯಾಂಕರಿನ ಡ್ರೈವರುಗಳು ಅವರ ಮುಖವನ್ನು ಪರೀಕ್ಷೆ ಬರೆದ ಮಕ್ಕಳಂತೆ ನೋಡುತ್ತ ನಿಂತಿರುತ್ತಿದ್ದರು. ಹೆಸರು ಬಿದ್ದದ್ದು ಹಾಗೆ.

ಅವರ ಕೋಣೆ ಕಾರ್ಖಾನೆಯ ಸದ್ದಿನಿಂದ ದೂರ, ಅಂಗಳದ ಆ ತುದಿಯಲ್ಲಿತ್ತು. ಗೋಡೆಗೆಲ್ಲ ಬಿಳಿ ಟೈಲ್ಸು, ಮಧ್ಯೆ ಒಂದು ಉದ್ದನೆಯ ಮೇಜು, ಅದರ ಮೇಲೆ ಬಿಸಿನೀರಿನ ತೊಟ್ಟಿ. ತೊಟ್ಟಿಯಲ್ಲಿ ಗಾಜಿನ ಸಣ್ಣ ಬಟ್ಟಲುಗಳನ್ನು ಇಟ್ಟು ಎಣ್ಣೆಯನ್ನು ಹದವಾಗಿ ಬೆಚ್ಚಗೆ ಮಾಡುತ್ತಿದ್ದರು. ಎರಡು ಹನಿ ಅಂಗೈಗೆ ಹಾಕಿ, ಕೈ ಉಜ್ಜಿ, ದೇವರ ಮುಂದೆ ನಿಂತವರ ಹಾಗೆ ಕಣ್ಣು ಮುಚ್ಚಿ, ಬೊಗಸೆಯನ್ನು ಮೂಗಿನ ಹತ್ತಿರ ತರುತ್ತಿದ್ದರು. ಆಮೇಲೆ ಒಂದು ಗುಟುಕು ಬಾಯಿಗೆ. ನುಂಗುವಂತಿಲ್ಲ. ನಾಲಿಗೆಯ ಮೇಲೆಲ್ಲ ಆಡಿಸಿ ಉಗಿದು, ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಆ ಬಾಯಿಗಾಗಿ ಅವರು ಬೀಡಿ ಸೇದಲಿಲ್ಲ, ಖಾರ ತಿನ್ನಲಿಲ್ಲ, ಪರಿಮಳದ ಸೋಪು ಹಚ್ಚಿಕೊಳ್ಳಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಹೂವಿನ ವಾಸನೆಯ ಪೌಡರ್ ಹಾಕಿಕೊಂಡಾಗ, “ನಾಳೆ ಬೆಳಿಗ್ಗೆ ನನಗೆ ಡ್ಯೂಟಿ ಇದೆ ಕಣೇ” ಎಂದು ಅಂಗಲಾಚಿದವರು.

“ಸರಿ ಹೋಯ್ತು. ನನ್ನ ಕಟ್ಕೊಂಡಿದೀರೋ, ಎಣ್ಣೆ ಕಟ್ಕೊಂಡಿದೀರೋ?” ಎಂದಳು ಆಕೆ. ಪೌಡರ್ ಡಬ್ಬಿಯನ್ನು ತಂಗಿಗೆ ಕೊಟ್ಟುಬಿಟ್ಟಳು.

ಅವರು ಹಗಲೆಲ್ಲ ಹುಡುಕುತ್ತಿದ್ದದ್ದು ಒಂದನ್ನೇ, ಕೆಟ್ಟ ವಾಸನೆ. ಎಣ್ಣೆ ಕೆಡುವ ವಸ್ತು. ಬಿಸಿಲು ತಾಗಿದರೆ ಕೆಡುತ್ತದೆ, ಗಾಳಿ ತಾಗಿದರೆ ಕೆಡುತ್ತದೆ, ಸುಮ್ಮನೆ ಇಟ್ಟರೂ ಕೆಡುತ್ತದೆ. ಮೊದಲು ಹಸಿ ಕಾಳಿನ ವಾಸನೆ, ಆಮೇಲೆ ಒದ್ದೆ ರಟ್ಟಿನ ವಾಸನೆ, ಕೊನೆಗೆ ಹಳೆಯ ಬಣ್ಣದ ಡಬ್ಬಿ ತೆರೆದಂಥ ಕಮಟು. ಬೇರೆಯವರ ಮೂಗಿಗೆ ತಿಳಿಯುವ ಎಷ್ಟೋ ದಿನ ಮುಂಚೆಯೇ ಅವರಿಗೆ ತಿಳಿಯುತ್ತಿತ್ತು. ಆದರೆ ಅದೇ ಎಣ್ಣೆ ಒಳಗಿನ ಎತ್ತರದ ಹಂಡೆಗಳಲ್ಲಿ ನಿಕ್ಕಲ್ ಪುಡಿಯ ಜೊತೆ ಕುದಿದು, ಜಲಜನಕದ ಅನಿಲ ಕುಡಿದು, ಬೆಣ್ಣೆಯ ಹಾಗೆ ಗಟ್ಟಿಯಾಗಿ ಬಂದಾಗ ಅದಕ್ಕೆ ಯಾವ ವಾಸನೆಯೂ ಇರುತ್ತಿರಲಿಲ್ಲ. ಬೆಳ್ಳಗೆ, ತಣ್ಣಗೆ, ಸುಮ್ಮನೆ ಕೂತಿರುತ್ತಿತ್ತು. ಬೇಸಿಗೆಯಿಡೀ ಗೋದಾಮಿನಲ್ಲಿಟ್ಟರೂ ಅದು ಕೆಡುತ್ತಿರಲಿಲ್ಲ. ಮೇಷ್ಟ್ರು ಅದನ್ನು ಬಟ್ಟಲಿಗೆ ಹಾಕಿಕೊಂಡು ಮೂಸಿದಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಬರುತ್ತಿತ್ತು. ಅಷ್ಟು ಶುದ್ಧವಾದದ್ದು ಲೋಕದಲ್ಲಿ ಬೇರೆ ಇಲ್ಲವೆಂದು ಅವರು ನಂಬಿದ್ದರು. ಹೊರಗೆ ಕೆಡದ್ದು ಒಳಗೆ ಹೋಗಿ ಕೆಡುತ್ತದೆಯೇ? ಅವರ ವಿಚಾರ ಇಷ್ಟೇ ಸರಳ. ಎಣ್ಣೆ ಮೂಸುವವರಲ್ಲಿ ಹಾಗೆ ಯೋಚಿಸದವರೂ ಕಡಿಮೆ.

ಕಾರ್ಖಾನೆಯವರು ಕೆಲಸಗಾರರಿಗೆ ತಿಂಗಳಿಗೊಂದು ಟಿನ್ನು ಕೊಡುತ್ತಿದ್ದರು. ಉಳಿದವರು ಕೈಗೆ ಸಿಕ್ಕಿದ್ದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ತಾವು ಮೂಸಿ, ಮೆಚ್ಚಿ, ಮನಸ್ಸಿನಲ್ಲೇ ಗುರುತು ಮಾಡಿಟ್ಟಿದ್ದ ಬ್ಯಾಚಿನಿಂದಲೇ ಆರಿಸಿಕೊಂಡು ಬರುತ್ತಿದ್ದರು. ಮನೆಯಲ್ಲಿ ಬೇರೆ ಎಣ್ಣೆಗೆ ಜಾಗವಿರಲಿಲ್ಲ. ಪಕ್ಕದ ಮನೆಯಾಕೆ ಒಮ್ಮೆ ಪ್ರೀತಿಯಿಂದ ಒಂದು ಬಾಟಲಿ ಗಾಣದೆಣ್ಣೆ ಕೊಟ್ಟಿದ್ದಳು. ಮೇಷ್ಟ್ರು ಬಿರಡೆ ತೆಗೆದು ಮೂಗು ಮುರಿದು, ಆಕೆ ಅತ್ತ ಹೋಗುತ್ತಲೇ ಅದನ್ನು ಬಚ್ಚಲಿಗೆ ಸುರಿದರು. “ಕಮಟು ಹಿಡಿದಿದೆ. ಮನುಷ್ಯರು ತಿನ್ನೋದಾ ಇದು?” ಎಂದರು. ಹೆಂಡತಿ ಖಾಲಿ ಬಾಟಲಿಯನ್ನು ತೊಳೆದು ಮಾರನೆಯ ದಿನ ಹಿಂತಿರುಗಿಸಿ, ತುಂಬ ಚೆನ್ನಾಗಿತ್ತೆಂದು ಸುಳ್ಳು ಹೇಳಿ ಬಂದಳು. ಗಂಡ ಕೆಡಿಸಿಕೊಂಡ ನೆರೆಹೊರೆಯನ್ನು ಸರಿಮಾಡುವುದು ಆಕೆಗೆ ಅಭ್ಯಾಸವಾಗಿತ್ತು.

ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಶಾಲೆಯ ಮಕ್ಕಳ ಅಂಗಿ, ದಿಂಬಿನ ಚೀಲ, ಪರದೆ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹಳೆಯ ಮಿಷನ್ನು. ಹೊಲಿಯುವಾಗ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು, ಆದರೂ ಹಾಗೆಯೇ ಮಾತಾಡುತ್ತಿದ್ದಳು, ಹಾಗೆಯೇ ಬೈಯುತ್ತಿದ್ದಳು. ಒಬ್ಬಳೇ ಮಗಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಹಿಡಿದು, ಮದುವೆಯಾಗಿ, ಎರಡು ಬೀದಿ ಆಚೆ ಸಂಸಾರ ಹೂಡಿದ್ದಳು.

ಒಂದು ಮಧ್ಯಾಹ್ನ ಮಿಷನ್ನಿನ ಸದ್ದು ನಿಂತಿತು. ಅಂದು ಮೇಷ್ಟ್ರಿಗೆ ರಜೆ. ಒಳಗೆ ಮಲಗಿದ್ದವರಿಗೆ ಸದ್ದು ನಿಂತದ್ದರಿಂದಲೇ ಎಚ್ಚರವಾಯಿತು. ಬಂದು ನೋಡಿದರೆ ಆಕೆ ಮಿಷನ್ನಿನ ಮೇಲೆ ಬಾಗಿ, ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಪಕ್ಕದ ಸಣ್ಣ ಮೆತ್ತೆಗೆ ಚುಚ್ಚುತ್ತಿದ್ದಳು. ಹಣೆಯಲ್ಲಿ ಬೆವರು. “ಏನಾಯ್ತೇ?” ಎಂದರೆ, “ತಡೀರಿ, ಪಿನ್ನು ನುಂಗಿಬಿಟ್ಟೇನು” ಎಂದಳು. ಕೊನೆಯ ಪಿನ್ನನ್ನು ಚುಚ್ಚಿ ಆಮೇಲೆ ಕೆಳಗೆ ಜಾರಿದಳು.

ಆಸ್ಪತ್ರೆಯಲ್ಲಿ ಹೃದಯದ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಹೃದಯದ ಡಾಕ್ಟರು ಗಡಿಬಿಡಿಯ ಮನುಷ್ಯ, ಆದರೂ ನಿಂತು ಹೇಳಿದರು. “ಜೀವ ಉಳೀತು. ಇನ್ನೊಂದು ನಾಳ ಇದೆ, ತೀರಾ ಸಣ್ಣದು, ಉದ್ದಕ್ಕೂ ಕಟ್ಟಿಕೊಂಡಿದೆ. ಅದಕ್ಕೆ ನಾವು ಕೈ ಹಾಕೋ ಹಾಗಿಲ್ಲ. ಮಾತ್ರೆ ಮೇಲೆ ನಡೀಲಿ. ವರ್ಷಗಟ್ಟಲೆ ಹಾಗೇ ಇರಬಹುದು.”

“ಇಲ್ಲಾಂದ್ರೆ?” ಎಂದರು ಮೇಷ್ಟ್ರು.

ಡಾಕ್ಟರು ಅವರ ಭುಜ ತಟ್ಟಿ ಮುಂದಿನ ಹಾಸಿಗೆಗೆ ಹೋದರು.

ಆಕೆ ಮನೆಗೆ ಬಂದಳು. ನಾಲ್ಕು ಹೆಜ್ಜೆ ನಡೆದರೆ ಉಸಿರು ಏರುತ್ತಿತ್ತು, ಮಾತು ಮಾತ್ರ ಹಾಗೇ ಇತ್ತು. ಮೇಷ್ಟ್ರು ಅಡುಗೆಮನೆಗೆ ಇಳಿದರು. ತಾವು ಆರಿಸಿ ತಂದ ಟಿನ್ನಿನಿಂದ ತೆಗೆದು, ತರಕಾರಿ ಹುರಿದು, ಬೇಯಿಸಿ, ಆಕೆಗೆ ಬಡಿಸಿ, “ಇನ್ನೊಂಚೂರು ತಿನ್ನು, ಶಕ್ತಿ ಬರಬೇಕಲ್ಲ” ಎನ್ನುತ್ತಿದ್ದರು. ಮುಂದೆ ಆ ದಿನಗಳನ್ನು ನೆನೆದಾಗ ಅವರು ತಟ್ಟೆ ಸರಿಸಿ ಏಳುತ್ತಿದ್ದರು.

ಅದಾಗಿ ಕೆಲವು ತಿಂಗಳಿಗೆ ಕಾರ್ಖಾನೆಯ ಎದುರಿನ ಆರೋಗ್ಯ ಕೇಂದ್ರಕ್ಕೆ ಒಂದು ತಂಡ ಬಂತು. ಜನರ ರಕ್ತದಲ್ಲಿ, ಚರ್ಮದ ಕೆಳಗಿನ ಕೊಬ್ಬಿನಲ್ಲಿ ಯಾವ ಯಾವ ಬಗೆಯ ಕೊಬ್ಬಿನಂಶ ಎಷ್ಟೆಷ್ಟಿದೆ ಎಂದು ಅಳೆದು, ಮುಂದೆ ವರ್ಷಗಳು ಕಳೆದ ಮೇಲೆ ಯಾರಿಗೆ ಯಾವ ಕಾಯಿಲೆ ಬಂತು ಎಂದು ನೋಡುವವರಂತೆ. ಕಾರ್ಖಾನೆಯವರನ್ನೂ ಊರವರನ್ನೂ ಕರೆದರು. ರಕ್ತವನ್ನು ಎಲ್ಲರೂ ಹೆದರದೆ ಕೊಟ್ಟರು, ಆದರೆ ಸೊಂಟದ ಕೆಳಗೆ ಮರಗಟ್ಟಿಸಿ, ದಪ್ಪ ಸೂಜಿಯಿಂದ ಅಕ್ಕಿಕಾಳಿನಷ್ಟು ಕೊಬ್ಬು ಎಳೆದುಕೊಳ್ಳುತ್ತಾರೆಂದು ತಿಳಿದ ಮೇಲೆ ಸಾಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು. ಅದಕ್ಕೆ ಉಳಿದವರು ಮೇಷ್ಟ್ರು ಮತ್ತು ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ.

“ನನ್ನಿಂದ ಎಷ್ಟು ಬೇಕಾದ್ರೂ ತಗೊಳ್ಳಿ ಮೇಡಂ, ಬೇಡ ಅನ್ನಲ್ಲ” ಎಂದು ಬಾಯ್ಲರಣ್ಣ ಹೊಟ್ಟೆ ಸವರಿಕೊಂಡ. “ಈ ಮೇಷ್ಟ್ರದ್ದು ಮಾತ್ರ ಹುಷಾರಾಗಿ ತೆಗೀರಿ. ಸೀದಾ ಟಿನ್ನಿಗೆ ತುಂಬಿ ಸೀಲ್ ಹಾಕಬಹುದು.”

ಸೂಜಿ ಹಿಡಿದಿದ್ದ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಗುನಗುತ್ತಲೇ ಕೆಲಸ ಮುಗಿಸಿದಳು.

ಅಳತೆ ಬಂದ ದಿನ ಒಬ್ಬೊಬ್ಬರನ್ನೇ ಕರೆದು ಹೇಳಿದಳು. ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದಳು.

“ನೀವು ಎಣ್ಣೆ ರುಚಿ ನೋಡೋರು ಅಲ್ವಾ ಅಂಕಲ್? ನುಂಗ್ತೀರಾ?”

“ಇಲ್ಲಮ್ಮ, ಉಗೀತೀವಿ. ನುಂಗಿದರೆ ಆ ನಾಲಿಗೆ ಮುಂದಿನ ಬಟ್ಟಲಿಗೆ ಬಾರದು.”

“ಹಾಗಾದ್ರೆ ಮನೆ ಊಟದ್ದೇ ಇರಬೇಕು. ಗಟ್ಟಿ ಮಾಡಿದ ಎಣ್ಣೆಯಲ್ಲಿ ಒಂದು ತರಹದ ಕೊಬ್ಬಿರುತ್ತೆ. ಈ ಜಾತಿದನ್ನ ನಮ್ಮ ದೇಹ ತಾನಾಗಿ ಮಾಡಿಕೊಳ್ಳಲ್ಲ, ತಿಂದರೇನೇ ಬರೋದು. ರಕ್ತ ನೋಡಿದರೆ ಈಚಿನ ಕೆಲವು ವಾರದ ಊಟ ಗೊತ್ತಾಗುತ್ತೆ. ಚರ್ಮದ ಕೆಳಗಿನ ಕೊಬ್ಬು ನೋಡಿದರೆ ಹಿಂದಿನ ಒಂದೆರಡು ವರ್ಷದ ಊಟವೆಲ್ಲ ಗೊತ್ತಾಗುತ್ತೆ. ನಿಮಗೆ ಎರಡರಲ್ಲೂ ಅದು ಜಾಸ್ತಿ ಇದೆ, ರಕ್ತ ಕೊಟ್ಟ ಕಾರ್ಖಾನೆಯವರಲ್ಲೆಲ್ಲ ನಿಮ್ಮದೇ ಜಾಸ್ತಿ.”

“ಜಾಸ್ತಿ ಇದ್ರೆ ಏನಾಗುತ್ತೆ?”

“ಜಾಸ್ತಿ ಇರೋ ಜನರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುತ್ತೆ. ನೀವೇನೂ ಗಾಬರಿಯಾಗಬೇಡಿ. ನಿಮ್ಮ ಹೃದಯ ಚೆನ್ನಾಗಿದೆ, ಬಿಪಿ ಇಲ್ಲ, ಸಕ್ಕರೆ ಇಲ್ಲ. ಎಣ್ಣೆ ಬದಲಾಯಿಸಿ, ಸಾಕು.”

ಮೇಷ್ಟ್ರಿಗೆ ಕೊನೆಯ ಮಾತುಗಳು ಕೇಳಿಸಲಿಲ್ಲ. ತಾನು ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಉಗಿದವನು. ಹಾಗಾದರೆ ಸೊಂಟದಲ್ಲಿ ಕೂತಿರುವುದು ಮನೆಯ ಬಾಣಲೆಯಿಂದ ಬಂದದ್ದು. ಆ ಬಾಣಲೆಯಿಂದ ಉಂಡವನು ತಾನೊಬ್ಬನೇ ಅಲ್ಲ. ಕುರ್ಚಿಯ ತೋಳು ಹಿಡಿದುಕೊಂಡು ಎದ್ದರು. ಡಾಕ್ಟರಮ್ಮ ಸೂಜಿ ಚುಚ್ಚಿದ ಜಾಗ ಇನ್ನೂ ನೋಯುತ್ತಿದೆಯೇ ಎಂದು ಕೇಳಿದಳು. ಹೂಂ ಎಂದರು.

ಮನೆಗೆ ಬಂದವರೇ ಟಿನ್ನನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದರು. ಅರ್ಧಕ್ಕಿಂತ ಹೆಚ್ಚೇ ಇತ್ತು. ಗುಂಡಿ ತೋಡಿ ಹೂಳಿದರು. ಬಾಣಲೆಯನ್ನು ಬೂದಿ ಹಾಕಿ ಉಜ್ಜಿದರು, ಸೌಟು ಉಜ್ಜಿದರು, ಕಪಾಟಿನ ಕಾಗದ ಕಿತ್ತು ಬಿಸಾಡಿದರು. ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಏನ್ರೀ, ನಿಮ್ಮ ಮೊದಲನೇ ಹೆಂಡತೀನ ಮಣ್ಣು ಮಾಡಿದ್ರಾ?”

ಅವರು ಹೇಳಿದರು. ಕೂತು, ತಲೆ ತಗ್ಗಿಸಿ, ಡಾಕ್ಟರಮ್ಮ ಅಂದದ್ದನ್ನೆಲ್ಲ ಬಿಡದೆ ಹೇಳಿದರು. ಮಗಳೂ ಅಷ್ಟು ಹೊತ್ತಿಗೆ ಬಂದಿದ್ದಳು. ಮಗಳಿಗೆ ಸುಮ್ಮನಿರಲಾಗಲಿಲ್ಲ.

“ಅಪ್ಪಾ, ನಾನು ಬೆಳೆದಿದ್ದೂ ಅದೇ ಟಿನ್ನಲ್ಲಿ ಅಲ್ವಾ?” ಎಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಆದರೆ ಅವಳ ಕೈ ತಾನಾಗಿ ಸೊಂಟಕ್ಕೆ ಹೋಗಿ ಅಲ್ಲೇ ನಿಂತಿತ್ತು. ಮೇಷ್ಟ್ರು ಅದನ್ನು ನೋಡಿದರು.

“ಎಲ್ಲರೂ ತಿಂದಿದ್ದೇ” ಎಂದಳು ತಾಯಿ. “ಬೇಕರಿಯವನ ಬಿಸ್ಕತ್ತಲ್ಲಿ ಇರ್ಲಿಲ್ವಾ? ನಿನ್ನ ಸ್ಕೂಲಿನ ಕ್ಯಾಂಟೀನಲ್ಲಿ ಇರ್ಲಿಲ್ವಾ? ನಮ್ಮಪ್ಪನಿಗೂ ಎದೆನೋವಿತ್ತು, ಅವರು ಈ ಟಿನ್ನು ಕಣ್ಣಲ್ಲೂ ಕಂಡೋರಲ್ಲ. ನನಗೆ ಬಿಪಿ ಬೇರೆ. ಏನೋ, ದೇವರು ಎಣಿಸಿದ ಹಾಗೆ. ಟೀ ಇಡು ಹೋಗು.”

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮೇಷ್ಟ್ರಿಗೆ ಮುಗಿಯಲಿಲ್ಲ. ಮರುದಿನದಿಂದ ಅವರಿಗೆ ಒಂದೇ ಹಂಬಲ, ಆಕೆಯ ಮೈಯಿಂದ ಅದನ್ನು ಹೊರಗೆ ಹಾಕಬೇಕು, ಆ ಸಣ್ಣ ನಾಳ ಮುಚ್ಚುವ ಮುಂಚೆ. ಡಾಕ್ಟರಮ್ಮನನ್ನು ಹೋಗಿ ಕೇಳಿದರು. ಯಾವ ಎಣ್ಣೆ ಒಳ್ಳೆಯದೆಂದು ಅವಳು ಹೇಳಿಕೊಟ್ಟಳು. ಅಗಸೆಯ ಎಣ್ಣೆ, ಮೀನಿನ ಎಣ್ಣೆಯ ಗುಳಿಗೆ.

ಅಂಗಡಿಯಿಂದ ಅಗಸೆ ಎಣ್ಣೆಯ ಬಾಟಲಿ ತಂದರು. ಬಿರಡೆ ತೆಗೆದರು. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮೂಸಿದರು. ಹಳೆಯ ಬಣ್ಣದ ಡಬ್ಬಿ! ಬಾಟಲಿ ಬಚ್ಚಲಿಗೆ ಹೋಯಿತು. ಬೇರೆ ಅಂಗಡಿ, ಬೇರೆ ಬಾಟಲಿ, ಅದಕ್ಕೂ ಅದೇ ಗತಿ. ಮೀನಿನ ಗುಳಿಗೆಯೊಂದನ್ನು ಸೂಜಿಯಿಂದ ಚುಚ್ಚಿ ಮೂಸಿ, ಇಡೀ ಡಬ್ಬಿಯನ್ನೇ ಅಂಗಡಿಯವನ ಮುಂದೆ ಕುಕ್ಕಿದರು. “ಇದು ಫೇಲು” ಎಂದರು. ಅಂಗಡಿಯವನಿಗೆ ಅರ್ಥವಾಗಲಿಲ್ಲ. “ಮೀನು ಮೀನಿನ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತೇನ್ರೀ?” ಎಂದ.

ಕೊನೆಗೆ ಡಾಕ್ಟರಮ್ಮನೇ ಕೂರಿಸಿಕೊಂಡು ಹೇಳಬೇಕಾಯಿತು. “ಅಂಕಲ್, ಆ ಎಣ್ಣೆಗಳು ಬೇಗ ಕೆಡೋದು ನಿಜ. ಗಾಳಿ ಸೋಕಿದ್ರೆ ಸಾಕು. ಅವು ಒಳ್ಳೇದು ಅನ್ನೋದೂ ಅದೇ ಗುಣಕ್ಕೇ. ನಿಮ್ಮ ವನಸ್ಪತಿಯಲ್ಲಿ ಆ ಗುಣಾನೇ ತೆಗೆದುಹಾಕ್ತಾರೆ, ಅದಕ್ಕೇ ಅದು ಗೋದಾಮಲ್ಲಿ ಬಾಳಿಕೆ ಬರೋದು. ಸಣ್ಣ ಬಾಟಲಿ ತಗೊಳ್ಳಿ, ಫ್ರಿಜ್ಜಲ್ಲಿಡಿ, ಬೇಗ ಮುಗಿಸಿ. ಸ್ವಲ್ಪ ವಾಸನೆ ಇರುತ್ತೆ, ಇರಲಿ.”

ಮೇಷ್ಟ್ರು ಅವಳನ್ನೇ ನೋಡುತ್ತ ಕೂತರು. ಜೀವಮಾನವಿಡೀ ಯಾವುದನ್ನು ಹುಡುಕಿ ಹುಡುಕಿ ಹೊರಗೆ ಹಾಕಿದರೋ ಅದೇ ಬೇಕಾದದ್ದಂತೆ. ಯಾವುದನ್ನು ಕೈಮುಗಿದು ಒಳಗೆ ಬಿಟ್ಟುಕೊಂಡರೋ ಅದು ಹೆಂಡತಿಯ ಎದೆಯ ಬಾಗಿಲಲ್ಲಿ ಕೂತಿರಬಹುದಂತೆ. ದೇವರು ಕೊಟ್ಟ ಮೂಗು. ಅದರ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ, ಸಿಟ್ಟಿಗೂ ಸ್ವಲ್ಪ ಶಕ್ತಿ ಬೇಕು. ಅಂದಿನಿಂದ ಮೂಗು ಹಿಡಿದುಕೊಂಡು ಅಡುಗೆ ಮಾಡಿದರು. ಕಾರ್ಖಾನೆಯಲ್ಲಿ ಬಟ್ಟಲು ಎತ್ತಿದಾಗ ಕೈ ಒಂದು ಕ್ಷಣ ತಡೆಯುತ್ತಿತ್ತು. ಬೆಳ್ಳಗಿನ ಗಟ್ಟಿಯಲ್ಲಿ ಏನೂ ವಾಸನೆ ಬರುತ್ತಿರಲಿಲ್ಲ, ಎಂದಿನಂತೆ. ‘ಪಾಸು’ ಎನ್ನುತ್ತಿದ್ದರು. ಪಾಸು ಎನ್ನದೆ ಇರಲು ಅವರ ಹತ್ತಿರ ಕಾರಣವಿರಲಿಲ್ಲ. ಅದನ್ನು ಕೇಳುವವರೂ ಯಾರೂ ಇರಲಿಲ್ಲ.

ಡಾಕ್ಟರಮ್ಮ ಹೆಂಡತಿಯ ರಕ್ತವನ್ನೂ ನೋಡುತ್ತಿದ್ದಳು, ಕೆಲವು ತಿಂಗಳಿಗೆ ಅದರಲ್ಲಿ ಆ ಕೊಬ್ಬು ಕಡಿಮೆಯಾಗಿ ಬಂತು. ಮೇಷ್ಟ್ರು ಆ ಸುದ್ದಿಯನ್ನು ಬಾಯ್ಲರಣ್ಣನಿಗೂ ಗೇಟಿನವನಿಗೂ ಹೇಳಿದರು. ಆದರೆ ಡಾಕ್ಟರಮ್ಮ ಸುಳ್ಳು ಆಸೆ ಕೊಡುವವಳಲ್ಲ. “ರಕ್ತ ಬೇಗ ಬದಲಾಗುತ್ತೆ. ಮೈಯಲ್ಲಿರೋ ಕೊಬ್ಬು ನಿಧಾನ. ನಾಳದೊಳಗೆ ಕಟ್ಟಿಕೊಂಡಿರೋದು ಬೇರೆಯದೇ. ಇದು ಸರಿಹೋದ್ರೆ ಅದೂ ಕರಗುತ್ತೆ ಅಂತ ನಾನು ಹೇಳಲಾರೆ” ಎಂದಳು.

“ಅವಳ ಕೊಬ್ಬನ್ನೂ ನೋಡಮ್ಮ” ಎಂದರು ಮೇಷ್ಟ್ರು. ಅವರ ದನಿ ಕುಗ್ಗಿತ್ತು. “ಈಗಲೇ ನೋಡಿದ್ರೆ ಹಳೇದು ಇನ್ನೂ ಇರುತ್ತಲ್ಲ. ಟಿನ್ನಿಂದಲೇ ಆಯ್ತೋ ಇಲ್ವೋ ಗೊತ್ತಾಗಿಬಿಡಲಿ.”

“ಅದು ಗೊತ್ತಾಗಲ್ಲ ಅಂಕಲ್. ಇಂಥವರು ಸಾವಿರ ಜನ ಇದ್ರೆ, ಅವರಲ್ಲಿ ಕಾಯಿಲೆ ಬೀಳೋರು ಜಾಸ್ತಿ ಅಂತ ನಾನು ಹೇಳಬಹುದು. ಆ ಸಾವಿರದಲ್ಲಿ ಆಂಟಿಗೆ ಬಂದಿದ್ದು ಯಾತರಿಂದ ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ. ನೋಡಿ, ಎಲ್ಲರಿಗಿಂತ ಜಾಸ್ತಿ ಇರೋದು ನಿಮ್ಮಲ್ಲಿ. ನಿಮಗೇನೂ ಆಗಿಲ್ಲ.”

“ಅದೇ ಅಲ್ವಾ ತಾಯಿ” ಎಂದರು ಮೇಷ್ಟ್ರು.

ಅಳತೆಯಿಂದ ಗೊತ್ತಾಗುವುದಿಲ್ಲ ಎಂಬುದನ್ನು ಅವರು ಕಿವಿಯಲ್ಲಿ ಕೇಳಿದರು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಬಟ್ಟಲಿನಲ್ಲಿರುವುದು ಪಾಸು, ಇಲ್ಲವೇ ಫೇಲು. ಎರಡರ ನಡುವೆ ಇನ್ನೊಂದಿರಬಹುದೆಂದು ಅವರ ಕೆಲಸ ಅವರಿಗೆ ಕಲಿಸಿರಲಿಲ್ಲ. ಮನೆಯಲ್ಲಿ ಹೆಂಡತಿಯ ಬೆನ್ನು ಹತ್ತಿದರು. ಒಂದೇ ಒಂದು ಸಲ, ನೋವಾಗುವುದಿಲ್ಲ, ಮರಗಟ್ಟಿಸುತ್ತಾರೆ.

“ಗೊತ್ತಾಗಿ ಏನ್ ಮಾಡ್ತೀರಿ?” ಎಂದಳು ಆಕೆ. ಈಗ ಮಿಷನ್ನು ತುಳಿಯುವಂತಿರಲಿಲ್ಲ, ಕೈಯಲ್ಲೇ ಗುಂಡಿ ಹೊಲಿಯುತ್ತಿದ್ದಳು. “ಹೌದು ಅಂದ್ರೆ ನೇಣು ಹಾಕ್ಕೊಳ್ತೀರಾ? ಅಲ್ಲ ಅಂದ್ರೆ ನಂಬ್ತೀರಾ?”

“ನಂಬ್ತೀನಿ.”

“ನೀವಾ! ಪಕ್ಕದ ಮನೆ ಎಣ್ಣೆ ನಂಬದೋರು.”

ಅವರು ನಗಲಿಲ್ಲ. ಗೋಡೆಯ ಕಡೆ ತಿರುಗಿ ಕೂತರು. ಆ ಬೆನ್ನು ನೋಡಿ ಆಕೆಗೆ ಏನೋ ಅನ್ನಿಸಿತು. ದಾರ ಕಡಿದು, ಸೂಜಿಯನ್ನು ಮೆತ್ತೆಗೆ ಚುಚ್ಚಿದಳು.

“ಸರಿ, ತೆಗೆಸ್ಕೊಳ್ತೀನಿ. ಆದ್ರೆ ಒಂದು ಮಾತು. ಕೊಬ್ಬು ನಂದು. ಏನಿದ್ರೂ ನನಗೊಬ್ಬಳಿಗೇ ಹೇಳ್ಬೇಕು ಅಂತ ಆ ಹುಡುಗಿಗೆ ಹೇಳ್ತೀನಿ. ನೀವು ಆಚೆ ಕೂತಿರ್ಬೇಕು.”

“ಆಮೇಲೆ ನೀನು ನನಗೆ ಹೇಳ್ತೀಯಲ್ಲ?”

“ಹೇಳ್ದೆ ಏನು, ಉಪ್ಪಿನಕಾಯಿ ಹಾಕ್ಲಾ?”

ಸೂಜಿ ಚುಚ್ಚಿದ ದಿನ ಆಕೆ ಸದ್ದು ಮಾಡಲಿಲ್ಲ. ಆಚೆ ಕೂತಿದ್ದ ಮೇಷ್ಟ್ರು ಅಂಗೈ ಉಜ್ಜುತ್ತ, ಬಾಯಲ್ಲಿ ದೇವರನ್ನು ಕರೆಯುತ್ತ ಇದ್ದರು. ದೇವರಲ್ಲಿ ಏನು ಕೇಳಬೇಕೆಂದು ಅವರಿಗೇ ತಿಳಿದಿರಲಿಲ್ಲ. ಕಡಿಮೆ ಬರಲಿ ಎಂದು ಕೇಳಿದರೆ ಆಕೆಯ ಕಾಯಿಲೆ ಅದರಿಂದ ಕಡಿಮೆಯಾಗುವುದಿಲ್ಲ. ಬರೀ ತನ್ನ ಮನಸ್ಸಿನ ಉರಿ ಆರುತ್ತದೆ. ಅಂಥದ್ದನ್ನು ದೇವರಲ್ಲಿ ಕೇಳುವುದೇ? ಕೇಳದೆಯೂ ಇರಲಾಗಲಿಲ್ಲ.

ಅಳತೆ ಬರುವವರೆಗಿನ ದಿನಗಳಲ್ಲಿ ಆಕೆಗೆ ಉಸಿರಾಟ ಇನ್ನಷ್ಟು ಕಷ್ಟವಾಯಿತು. ಹೃದಯದ ಡಾಕ್ಟರು ಮಾತ್ರೆ ಬದಲಾಯಿಸಿದರು. ಅವರ ಹತ್ತಿರವೂ ಬದಲಾಯಿಸಲು ಇದ್ದದ್ದು ಮಾತ್ರೆಯೊಂದೇ. ಮಗಳು ಸಂಜೆ ಬಂದು ಅಮ್ಮನ ಕಾಲು ಒತ್ತಿ ಹೋಗುತ್ತಿದ್ದಳು. ಅವಳೂ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬಂದಿದ್ದಳಂತೆ, ಅಪ್ಪನಿಗೆ ಹೇಳಿರಲಿಲ್ಲ. ಮೇಷ್ಟ್ರಿಗೆ ಬಾಯ್ಲರಣ್ಣನಿಂದ ತಿಳಿಯಿತು. ಅವಳ ಅಳತೆ ಎಷ್ಟು ಬಂತೆಂದು ಕೇಳಲು ಅವರಿಗೆ ಧೈರ್ಯ ಸಾಲಲಿಲ್ಲ. ಅವಳೂ ಹೇಳಲಿಲ್ಲ. ಬಂದಾಗಲೆಲ್ಲ ಅಡುಗೆಮನೆಯ ಕಪಾಟಿನತ್ತ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಿದ್ದಳು.

ಕರೆ ಬಂದ ದಿನ ಇಬ್ಬರೂ ಹೋದರು. ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ಹಸಿರು ಬಣ್ಣದ ಬೆಂಚು, ತೂಕದ ಯಂತ್ರ, ಗೋಡೆಗೆ ಮಕ್ಕಳ ಲಸಿಕೆಯ ಚಿತ್ರ. ಆಕೆ ಚೀಲವನ್ನು ಗಂಡನ ತೊಡೆಯ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲಿಗೆ ಮಬ್ಬು ಗಾಜು. ಅದರಾಚೆ ಎರಡು ನೆರಳು. ಡಾಕ್ಟರಮ್ಮನ ನೆರಳು ಸ್ವಲ್ಪ ಹೊತ್ತು ಮಾತಾಡಿತು. ಆಕೆಯ ನೆರಳು ಅಲುಗಲಿಲ್ಲ. ಆಮೇಲೆ ಆಕೆಯ ನೆರಳೇ ಹೆಚ್ಚು ಮಾತಾಡಿತು. ಒಮ್ಮೆ ಇಬ್ಬರೂ ನಕ್ಕ ಹಾಗೆ ಕೇಳಿಸಿತು. ಆಮೇಲೆ ತುಂಬ ಹೊತ್ತು ಏನೂ ಕೇಳಿಸಲಿಲ್ಲ.

ಹೊರಗೆ ಬಂದವಳು ಮೊದಲು ಚೀಲ ಕೇಳಿದಳು.

“ಏನಂದ್ರು?”

“ಬಿಸ್ಕತ್ತು ಮುಟ್ಟಬೇಡಿ ಅಂದ್ರು. ಸಂಜೆ ಸ್ವಲ್ಪ ನಡೀರಿ ಅಂದ್ರು. ನಿಮಗೆ ಚೆನ್ನಾಗಿ ನಿದ್ದೆ ಮಾಡೋಕೆ ಹೇಳಿ ಅಂದ್ರು.”

“ಅದಲ್ಲ ಕಣೇ. ಆ ಅಳತೆ.”

“ಅದಾ? ಎಲ್ಲರದ್ದೂ ಹೇಗಿರುತ್ತೋ ಹಾಗೇ ಇದೆಯಂತೆ. ಜಾಸ್ತಿ ಏನಿಲ್ಲವಂತೆ. ನನ್ನ ಕಾಯಿಲೆ ನಮ್ಮಪ್ಪನ ಕಡೆಯಿಂದ ಬಂದಿರೋದಂತೆ. ಸಾಕಾ?”

ಹೇಳುವಾಗ ಚೀಲದ ಕೊಂಡಿ ಹಾಕುತ್ತಿದ್ದಳು. ಮುಖ ಎತ್ತಲಿಲ್ಲ. ಕೊಂಡಿ ಸ್ವಲ್ಪ ಬಿಗಿಯಿತ್ತು ಅಷ್ಟೇ, ಅದಕ್ಕೇ ಮುಖ ಎತ್ತಲಿಲ್ಲವೇನೋ. ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದಳು. ಮೇಷ್ಟ್ರು ಅವಳ ಕಡೆ ನೋಡಿದರು. ಅವಳು ನಮಸ್ಕಾರ ಮಾಡಿ ಮುಂದಿನವರನ್ನು ಕರೆದಳು.

ಇಬ್ಬರೂ ಬೀದಿಗೆ ಇಳಿದರು. ಮನೆಯ ಕಡೆಗೆ ಒಂದು ಸಣ್ಣ ಏರು. ಮೇಷ್ಟ್ರು ಪಕ್ಕದಲ್ಲಿ ನಡೆಯುತ್ತ ಆಕೆಯ ಕೆನ್ನೆಯನ್ನು, ತುಟಿಯ ತುದಿಯನ್ನು, ಕಣ್ಣಿನ ಪಕ್ಕದ ಗೆರೆಗಳನ್ನು ನೋಡುತ್ತಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಮುಖ. ಅದರಲ್ಲಿ ಸುಳ್ಳು ಎಲ್ಲಿ ಕೂರುತ್ತದೆ, ನಿಜ ಎಲ್ಲಿ ಕೂರುತ್ತದೆ ಎಂದು ತಾವು ಒಂದು ದಿನವಾದರೂ ಗಮನಿಸಲಿಲ್ಲವಲ್ಲ ಎನಿಸಿತು. ಮಾತು ತಡೆಯದೆ ಬಂದುಬಿಟ್ಟಿತು.

“ನಿಜ ಹೇಳೇ. ನನ್ನಾಣೆ. ಡಾಕ್ಟರಮ್ಮ ಅಂದದ್ದು ಅದೇನಾ?”

ಆಕೆ ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ, ಉಸಿರು ಬಂತು, ಒಂದರ ಮೇಲೊಂದು. ಎದೆಯ ಮೇಲೆ ಕೈ ಇಟ್ಟುಕೊಂಡು ಇನ್ನೊಂದು ಕೈಯನ್ನು ಅವರ ಕಡೆ ಎತ್ತಿದಳು, ತಡೀರಿ ಎನ್ನುವ ಹಾಗೆ. ಮೇಷ್ಟ್ರು ಆಕೆಯನ್ನು ಪಕ್ಕದ ಮೋಟು ಗೋಡೆಯ ಮೇಲೆ ಕೂರಿಸಿದರು. ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ಚೀಲದಿಂದ ಹುಡುಕಿ ಕೊಟ್ಟರು. ಬಸ್ಸೊಂದು ಹೊಗೆಯುಗುಳುತ್ತ ಏರು ಹತ್ತಿತು. ಶಾಲೆ ಬಿಟ್ಟ ಮಕ್ಕಳು ಇಬ್ಬರನ್ನೂ ಬಳಸಿಕೊಂಡು ಓಡಿದರು. ಮೇಷ್ಟ್ರು ಎದುರು ನಿಂತು ಆಕೆಯ ಮುಖಕ್ಕೆ ಬಿಸಿಲು ಬೀಳದ ಹಾಗೆ ಚೀಲವನ್ನು ಮೇಲೆ ಹಿಡಿದುಕೊಂಡರು. ಅದಕ್ಕಿಂತ ಹೆಚ್ಚಿನದು ಮಾಡಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ತುಂಬ ಹೊತ್ತಿಗೆ ಉಸಿರು ಒಂದು ಹದಕ್ಕೆ ಬಂತು. ಆಕೆ ಮುಖ ಒರೆಸಿಕೊಂಡು ಅವರನ್ನು ನೋಡಿದಳು. ಕಣ್ಣಲ್ಲಿ ಕಣ್ಣಿಟ್ಟೇ ನೋಡಿದಳು.

“ಏನೋ ಕೇಳಿದ್ರಲ್ಲ?” ಎಂದಳು.

ಕೇಳಿದರೆ ಹೇಳುತ್ತಾಳೆ. ಏನನ್ನಾದರೂ ಹೇಳುತ್ತಾಳೆ, ಅದಕ್ಕೂ ಉಸಿರು ಬೇಕು. ಆ ಉಸಿರು ಎಲ್ಲಿಂದ ಬರಬೇಕು?

“ಏನಿಲ್ಲ” ಎಂದರು ಮೇಷ್ಟ್ರು. “ನಿಧಾನಕ್ಕೆ ಹೋಗೋಣ ಅಂದೆ.”

ಆಕೆ ಎದ್ದು ಅವರ ತೋಳು ಹಿಡಿದುಕೊಂಡಳು. ಏರಿನಲ್ಲಿ ಇಬ್ಬರೂ ಒಂದೊಂದೇ ಹೆಜ್ಜೆ ಇಡುತ್ತ, ನಡುನಡುವೆ ನಿಲ್ಲುತ್ತ, ಮನೆಯ ಕಡೆ ನಡೆದರು.